ದೆವ್ವದ ಸಿನಿಮಾದವನಿಗೆ ಬೇಸ್‌ಬಾಲ್ ಯಾಕೆ ಬೇಕಿತ್ತು? ಸ್ಯಾಮ್ ರೈಮಿ ಸಾಲು ನೋಡೋಣ, ಕ್ರಮ ಹೇಳಿ

ಮಂಡಗದ್ದೆ ಹಕ್ಕಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಈ ಮಳೆಗಾಲದಲ್ಲಿ ಒಬ್ಬನೇ ನಿರ್ದೇಶಕನ ಸಿನಿಮಾಗಳನ್ನ ಸಾಲಾಗಿ ನೋಡೋಣ ಅಂತ ನಮ್ಮ ಗೆಳೆಯರಲ್ಲಿ ಮಾತಾಗಿದೆ. ಜಾಗ ತೀರ್ಥಹಳ್ಳಿ ಹತ್ತಿರ ಒಬ್ಬರ ಮನೆಯ ಅಟ್ಟ. ಪ್ರೊಜೆಕ್ಟರ್ ಇದೆ, ಯುಪಿಎಸ್ ಇದೆ, ಕರೆಂಟಿನ ಭರವಸೆ ಮಾತ್ರ ಇಲ್ಲ. ನಾನು ಸ್ಯಾಮ್ ರೈಮಿ ಹೆಸರು ಹೇಳಿದೆ. "ದೆವ್ವದ ಸಿನಿಮಾದವನಲ್ವಾ, ಅದನ್ನ ಎಂತ ಸಾಲಾಗಿ ನೋಡೋದು" ಅಂದ್ರು ಒಬ್ಬರು. "ಸ್ಪೈಡರ್‌ಮ್ಯಾನ್ ಮಾಡಿದವನಲ್ವಾ, ದೆವ್ವದ್ದೂ ಮಾಡಿದಾನಾ?" ಅಂದ್ರು ಇನ್ನೊಬ್ಬರು. ಇಬ್ಬರೂ ಹೇಳ್ತಾ ಇದ್ದದ್ದು ಒಬ್ಬನ ಬಗ್ಗೆನೇ. ಅಲ್ಲೇ ನನಗೆ ಇವನೇ ಸರಿ ಅನ್ನಿಸಿತು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಹುಟ್ಟಿದ್ದು 1959ರಲ್ಲಿ, ಅಮೆರಿಕದ ಮಿಶಿಗನ್‌ನಲ್ಲಿ. ಶಾಲೆಯಿಂದ ಜೊತೆಗಿದ್ದ ಬ್ರೂಸ್ ಕ್ಯಾಂಪ್‌ಬೆಲ್, ಅಣ್ಣ ಐವನ್‌ನ ಕಾಲೇಜು ರೂಮ್‌ಮೇಟ್ ರಾಬ್ ಟ್ಯಾಪರ್ಟ್, ಇವರನ್ನೆಲ್ಲ ಕಟ್ಟಿಕೊಂಡು ಸೂಪರ್ 8 ಕ್ಯಾಮೆರಾದಲ್ಲಿ ತೆಗೀತಿದ್ದದ್ದು ಹೆಚ್ಚಾಗಿ ಕಾಮಿಡಿ. ಬಿದ್ದು, ಒದೆಸಿಕೊಂಡು, ಮುಖಕ್ಕೆ ತಟ್ಟೆ ಹೊಡೆಸಿಕೊಳ್ಳೋ ಥರದ್ದು. ಹೊಸಬರ ಕೈಯಲ್ಲಿ, ಕಡಿಮೆ ದುಡ್ಡಲ್ಲಿ ತೆಗೆದರೂ ಥಿಯೇಟರಿನವರು ಹಾಕಿಕೊಳ್ಳೋದು ಹಾರರ್ ಒಂದೇ ಅಂತ ಲೆಕ್ಕ ಹಾಕಿ ಆ ಕಡೆ ತಿರುಗಿದರು. 1978ರಲ್ಲಿ 'ವಿಥಿನ್ ದ ವುಡ್ಸ್' ಅನ್ನೋ ಅರ್ಧ ಗಂಟೆಯ ಚಿತ್ರ ತೆಗೆದು, ಅದನ್ನ ತೋರಿಸಿ ತೋರಿಸಿ ದುಡ್ಡು ಎತ್ತಿದರು. 1981ರಲ್ಲಿ 'ದಿ ಈವಿಲ್ ಡೆಡ್' ಬಂತು.

ಆಮೇಲಿನ ದಾರಿ ನೋಡಿ. 1990ರಲ್ಲಿ 'ಡಾರ್ಕ್‌ಮ್ಯಾನ್', ಸೂಪರ್‌ಹೀರೋ. 1995ರಲ್ಲಿ 'ದಿ ಕ್ವಿಕ್ ಅಂಡ್ ದಿ ಡೆಡ್', ಕೌಬಾಯ್. 1998ರಲ್ಲಿ 'ಎ ಸಿಂಪಲ್ ಪ್ಲಾನ್', ಅಪರಾಧದ ಕಥೆ. ಮರುವರ್ಷವೇ ಬೇಸ್‌ಬಾಲ್ ಪ್ರೇಮಕಥೆ. 2002ರಿಂದ 2007ರವರೆಗೆ ಮೂರು ಸ್ಪೈಡರ್‌ಮ್ಯಾನ್. 2009ರಲ್ಲಿ ಮತ್ತೆ ಹಾರರ್, 'ಡ್ರ್ಯಾಗ್ ಮಿ ಟು ಹೆಲ್'. 2013ರಲ್ಲಿ ಡಿಸ್ನಿಗೆ ಮಾಯಾಲೋಕದ ಕಥೆ. 2022ರಲ್ಲಿ ಎರಡನೇ ಡಾಕ್ಟರ್ ಸ್ಟ್ರೇಂಜ್.

ನನ್ನ ವಾದ ಇಷ್ಟು: ಈ ಮನುಷ್ಯ ಹಾರರ್ ಬಿಟ್ಟು ಹೋಗಲೇ ಇಲ್ಲ. ಅವನ ಕ್ಯಾಮೆರಾ ಎಲ್ಲಿ ಹೋದರೂ ದೆವ್ವದ ಕ್ಯಾಮೆರಾನೇ. ಐದು ಸಿನಿಮಾ ಆರಿಸಬೇಕು. ಯಾವುದು, ಯಾವ ಕ್ರಮದಲ್ಲಿ?

ಗೋಪಿ ಸರ್ಕಲ್ ಹುಡುಗ

ಅಣ್ಣ, ಸ್ಪೈಡರ್‌ಮ್ಯಾನ್ 2 ಬಿಟ್ಟು ಲಿಸ್ಟ್ ಮಾಡಿದ್ರೆ ನಾನು ಬರಲ್ಲ. 2002ರ ಮೊದಲನೆಯದು ಅಮೆರಿಕದಲ್ಲಿ ಒಂದೇ ವಾರಾಂತ್ಯದಲ್ಲಿ 10 ಕೋಟಿ ಡಾಲರ್ ದಾಟಿದ ಮೊದಲ ಸಿನಿಮಾ, ಅದು ರೆಕಾರ್ಡು ಅಷ್ಟೇ. ಸಿನಿಮಾ ಅಂದ್ರೆ 2004ರದ್ದು. ವಿಷುಯಲ್ ಎಫೆಕ್ಟ್ಸ್‌ಗೆ ಆಸ್ಕರ್ ಬಂತು ಅಂತ ಎಲ್ಲರೂ ಹೇಳ್ತಾರೆ, ಆಸ್ಪತ್ರೆ ಸೀನ್ ಬಗ್ಗೆ ಯಾರೂ ಮಾತಾಡಲ್ಲ.

ಡಾಕ್ಟರ್ ಆಕ್ಟೋಪಸ್ ಪ್ರಜ್ಞೆ ತಪ್ಪಿ ಮಲಗಿದಾನೆ. ಬೆನ್ನಿಗೆ ಅಂಟಿದ ಕಬ್ಬಿಣದ ಕೈಗಳನ್ನ ಕತ್ತರಿಸೋಕೆ ಡಾಕ್ಟರುಗಳು ಗರಗಸ ತಗೊಂಡ್ರು. ಕೈಗಳಿಗೆ ಎಚ್ಚರ ಆಯ್ತು, ಮನುಷ್ಯನಿಗೆ ಆಗಿಲ್ಲ. ಆಮೇಲೆ ಒಬ್ಬೊಬ್ಬರನ್ನೇ ಎಳೀತದೆ. ಒಬ್ಬ ನರ್ಸ್‌ನ ಎಳ್ಕೊಂಡು ಹೋಗುವಾಗ ಉಗುರು ನೆಲ ಕೆರೆಯೋದು ತೋರಿಸ್ತಾನೆ. ರಕ್ತ ಒಂದು ಹನಿ ಇಲ್ಲ. ಮಕ್ಕಳ ಸಿನಿಮಾ ಅಂತ ನನ್ನ ತಮ್ಮನ್ನ ಪಕ್ಕದಲ್ಲಿ ಕೂರಿಸಿಕೊಂಡು ವಿಸಿಡಿ ಹಾಕಿದ್ದೆ, ಅವನು ಎದ್ದು ಅಮ್ಮನ ಹತ್ತಿರ ಹೋದ.

ಸೌಂಡ್ ಬಾಕ್ಸ್

ಹುಡುಗ ಹೇಳಿದ ಸೀನ್‌ನಲ್ಲಿ ಇನ್ನೊಂದು ಗಮನಿಸಿ. ಹಿನ್ನೆಲೆ ಸಂಗೀತ ಇಲ್ಲ. ಉಳಿದಷ್ಟು ಹೊತ್ತು ಡ್ಯಾನಿ ಎಲ್ಫ್‌ಮನ್‌ನ ಆರ್ಕೆಸ್ಟ್ರಾ ಮೊಳಗ್ತಾ ಇರ್ತದೆ, ಇಲ್ಲಿ ಮಾತ್ರ ಪೂರ್ತಿ ತೆಗೆದಿದಾನೆ. ಕಿರುಚಾಟ, ಲೋಹದ ಸದ್ದು, ಗಾಜು. ಅಷ್ಟೇ.

ನಾನು ಮದುವೆ ಮುಂಜಿಗೆ ಸೌಂಡ್ ಸಿಸ್ಟಂ ಹಾಕೋನು. ನನ್ನ ಕಿವಿ ಮೊದಲು ಅಲ್ಲಿಗೇ ಹೋಗೋದು. ಯಾರೂ ಮೂಸಿ ನೋಡದ ಆ ಬೇಸ್‌ಬಾಲ್ ಸಿನಿಮಾನ, 'ಫಾರ್ ಲವ್ ಆಫ್ ದ ಗೇಮ್', ನಾನು ಸೌಂಡಿಗೋಸ್ಕರವೇ ನೋಡಿದೆ. ಕೆವಿನ್ ಕಾಸ್ಟ್ನರ್ ವಯಸ್ಸಾದ ಬೌಲರ್. ಬೌಲರ್ ಅಲ್ಲ, ಪಿಚರ್. ಎದುರಾಳಿ ಊರಿನ ಸ್ಟೇಡಿಯಂ, ಜನ ಬಾಯಿಗೆ ಬಂದಂಗೆ ಬೈತಿದಾರೆ. ಅವನು ತನಗೆ ತಾನೇ ಒಂದು ಮಾತು ಹೇಳ್ಕೊಳ್ತಾನೆ. ಇಡೀ ಸ್ಟೇಡಿಯಂ ಸದ್ದು ಹೀರಿಕೊಂಡ ಹಾಗೆ ನಿಂತುಬಿಡ್ತದೆ. ಜನರ ಮುಖ ಮಸುಕಾಗ್ತದೆ. ಅವನು, ಚೆಂಡು, ಎದುರಿನ ಗ್ಲೌಸ್, ಇಷ್ಟೇ.

ಇದೇ ತಂತ್ರವನ್ನ ಹಾರರ್‌ನಲ್ಲಿ ಹಾಕಿದ್ರೆ ಮುಂದಿನ ಕ್ಷಣ ಎಂತದೋ ಹಾರಿ ಬರಬೇಕು. ಇಲ್ಲಿ ಏನೂ ಬರಲ್ಲ. ಅವನು ಚೆಂಡು ಎಸೀತಾನೆ. ಹೆದರಿಸೋಕೆ ಕಲಿತಿದ್ದನ್ನ ಏಕಾಗ್ರತೆ ತೋರಿಸೋಕೆ ಬಳಸಿದಾನೆ. ಸಿನಿಮಾ ಉದ್ದ ಜಾಸ್ತಿ, ಪ್ರೇಮದ ಭಾಗ ಎಳೀತದೆ, ಒಪ್ಪಿದೆ. ಆದ್ರೂ ಹಕ್ಕಿಯವರ ವಾದಕ್ಕೆ ಇದು ಒಳ್ಳೆ ಸಾಕ್ಷಿ.

ಅಡಿಕೆ ಸುಲಿಯೋನು

ಮಾರಾಯ್ರೆ, ಬೇಸ್‌ಬಾಲ್ ಎಲ್ಲ ಆಮೇಲೆ. ಆ ಮೊದಲನೇ ಈವಿಲ್ ಡೆಡ್‌ನಲ್ಲಿ ಕಾಡೊಳಗಿಂದ ಎಂತದೋ ಓಡಿ ಬರ್ತದಲ, ಮರ ಮಟ್ಟು ಎಲ್ಲ ದಾಟ್ಕಂಡು, ನೆಲ ಮುಟ್ಟೋ ಹಂಗೆ, ಬಾಗಿಲು ಒಡ್ಕಂಡು ಒಳಗೆ ಬರ್ತದೆ. ಅದನ್ನ ಹೆಂಗೆ ತೆಗದ್ರು? ನಮ್ಮ ಹುಡುಗ್ರು ಈ ದೀಪಾವಳಿಗೆ ತ್ವಾಟದಲ್ಲಿ ಒಂದು ಶಾರ್ಟ್ ಫಿಲಂ ತೆಗೀಬೇಕು ಅಂತ ಕುಣೀತಾ ಇದಾವೆ. ಡ್ರೋನ್ ಬಾಡಿಗೆ ಕೇಳಿ ಬಂದು ಸುಮ್ಮನಾದ್ವು.

ಮಂಡಗದ್ದೆ ಹಕ್ಕಿ

ಅಡಿಕೆಯಣ್ಣ, ಡ್ರೋನ್ ಬೇಡ. ಅವರೂ ದುಡ್ಡಿಲ್ಲದೇ ಮಾಡಿದ್ದು. ಕ್ಯಾಮೆರಾ ಅಲುಗದ ಹಾಗೆ ಹಿಡಿಯೋ ಸ್ಟೆಡಿಕ್ಯಾಮ್ ಅನ್ನೋ ಸಾಧನ ಆಗಲೇ ಬಂದಿತ್ತು, ಇವರ ಕೈಗೆ ಎಟುಕೋ ಬೆಲೆ ಅಲ್ಲ. ಒಂದು ಉದ್ದ ಮರದ ಹಲಗೆ ತಗೊಂಡು ಮಧ್ಯದಲ್ಲಿ ಕ್ಯಾಮೆರಾ ಬಿಗಿದ್ರು. ಆ ಕಡೆ ಒಬ್ಬ, ಈ ಕಡೆ ಒಬ್ಬ ಹಿಡ್ಕೊಂಡು ಕಾಡಲ್ಲಿ ಓಡಿದ್ರು. ಹಲಗೆ ಉದ್ದ ಇರೋದ್ರಿಂದ ಹಿಡಿದವರ ಕೈ ನಡುಕ ಮಧ್ಯಕ್ಕೆ ಬರುವಾಗ ಕಡಿಮೆ ಆಗಿರ್ತದೆ. ಲೆನ್ಸ್ ಅಗಲದ್ದು, ಹಾಗಾಗಿ ನೆಲ ರಭಸದಿಂದ ಹಿಂದೆ ಸರಿದ ಹಾಗೆ ಕಾಣ್ತದೆ. ನಿಮ್ಮಲ್ಲಿ ಅಡಿಕೆ ದಬ್ಬೆಗೆ ಬರವೇ? ಮಧ್ಯೆ ಮೊಬೈಲ್ ಗಟ್ಟಿ ಕಟ್ಟಿ, ಅಗಲದ ಲೆನ್ಸ್ ಹಾಕಿ, ಮೊಣಕಾಲಿಗಿಂತ ಕೆಳಗೆ ಹಿಡಿದು ಓಡಿಸಿ. ಉಂಬಳ ಹತ್ತಿದರೆ ನಿಲ್ಲಬಾರದು ಅಂತ ಮೊದಲೇ ಹೇಳಿಬಿಡಿ.

ಶೂಟಿಂಗ್ ನಡೆದದ್ದು ಟೆನೆಸಿ ರಾಜ್ಯದ ಮಾರಿಸ್‌ಟೌನ್ ಹತ್ತಿರ, ಕಾಡಿನ ಒಂದು ಹಾಳು ಮನೆಯಲ್ಲಿ. 1979ರ ಕೊನೆಯಲ್ಲಿ ಶುರುವಾಗಿ ಚಳಿಗಾಲದ ಒಳಗೆ ಹೋಯ್ತು. ತೆಗೆದದ್ದು 16 ಎಂಎಂ ಫಿಲಂನಲ್ಲಿ, ಆಮೇಲೆ 35ಕ್ಕೆ ಹಿಗ್ಗಿಸಿದ್ರು. ರಕ್ತಕ್ಕೆ ಜೋಳದ ಸಿರಪ್ಪು, ಮೈಗೆ ಅಂಟಿದ್ರೆ ಬಿಡೋದೇ ಇಲ್ವಂತೆ. ಶೂಟಿಂಗ್ ಎಳೆದೂ ಎಳೆದೂ ನಟರು ಒಬ್ಬೊಬ್ಬರೇ ಮನೆಗೆ ಹೋದ್ರು. ಉಳಿದವರೇ ವೇಷ ಹಾಕಿ, ಬೆನ್ನು ತೋರಿಸಿ, ಕೈ ಮಾತ್ರ ತೋರಿಸಿ ಮುಗಿಸಿದ್ರು. ಎಡಿಟಿಂಗ್‌ಗೆ ಸಹಾಯಕನಾಗಿ ಇದ್ದವನು ಜೋಯೆಲ್ ಕೋಯೆನ್. ಹೌದು, ಮುಂದೆ ನಿರ್ದೇಶಕರಾಗಿ ಹೆಸರು ಮಾಡಿದ ಕೋಯೆನ್ ಸಹೋದರರಲ್ಲಿ ದೊಡ್ಡವನು. ಅವರೂ ದುಡ್ಡು ಎತ್ತೋ ಈ ದಾರಿಯನ್ನ ಇವರಿಂದಲೇ ಕಲಿತದ್ದು.

ಸಿನಿಮಾವನ್ನ ಹಾರರ್ ಕಾದಂಬರಿಕಾರ ಸ್ಟೀಫನ್ ಕಿಂಗ್ 1982ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ನೋಡಿ ಹೊಗಳಿ ಬರೆದ. ಹೆಸರಿಗೆ ತೂಕ ಬಂದದ್ದು ಅಲ್ಲಿಂದ.

ಹೆಗ್ಗೋಡು ದಾರಿ

ಹಕ್ಕಿ, ನಿಮ್ಮ ಉತ್ಸಾಹ ಸರಿ. ಆದರೆ ಆ ಮೊದಲ ಚಿತ್ರವನ್ನು ಕೂಟದಲ್ಲಿ ಹಾಕುವ ಮುಂಚೆ ಒಂದು ಮಾತು ಹೇಳಲೇಬೇಕು. ಮರದ ಬಳ್ಳಿಗಳು ಹುಡುಗಿಯ ಮೇಲೆ ಎರಗುವ ದೃಶ್ಯವಿದೆಯಲ್ಲ, ಅದು ಹೆದರಿಕೆಯಲ್ಲ, ಹಿಂಸೆ. ಮುಂದೆ ರೈಮಿಯೇ ಅದನ್ನು ಹಾಗೆ ತೆಗೆಯಬಾರದಿತ್ತು ಅಂತ ಹೇಳಿಕೊಂಡಿದ್ದಾರೆ. ಹೆಣ್ಣುಮಕ್ಕಳೂ ಬರುವ ಕೂಟವಾದರೆ ಮೊದಲೇ ತಿಳಿಸಿ. ಇಲ್ಲವೆಂದರೆ ನೇರ 1987ರ 'ಈವಿಲ್ ಡೆಡ್ 2' ಹಾಕಿ. ಬಹುಪಾಲು ಅದೇ ಕಥೆ, ಕೈ ಪಳಗಿದೆ.

ನನಗೆ ಆ ಎರಡನೆಯದೇ ಅವರ ನಿಜವಾದ ಮೊದಲ ಸಿನಿಮಾ ಅನ್ನಿಸುತ್ತದೆ. ನಾಯಕನ ಬಲಗೈಗೆ ದೆವ್ವ ಹಿಡಿಯುತ್ತದೆ. ಆ ಕೈ ಅವನ ಕೂದಲು ಹಿಡಿದು, ತಟ್ಟೆಗಳನ್ನು ಒಂದರ ಮೇಲೊಂದು ಅವನದೇ ತಲೆಗೆ ಒಡೆಯುತ್ತದೆ. ಬ್ರೂಸ್ ಕ್ಯಾಂಪ್‌ಬೆಲ್ ಒಬ್ಬನೇ ನಟ, ಆದರೆ ಹೊಡೆಯುವವನು ಬೇರೆ, ಹೊಡೆಸಿಕೊಳ್ಳುವವನು ಬೇರೆ ಅಂತ ನೀವು ನಂಬಿಬಿಡುತ್ತೀರಿ. ರಂಗದ ಮೇಲೆ ಕೆಲಸ ಮಾಡಿದವರಿಗೆ ಗೊತ್ತು, ಅದು ಎಷ್ಟು ಕಷ್ಟದ ಅಭ್ಯಾಸ ಅಂತ.

ನಗು ಮತ್ತು ಭಯ ಒಟ್ಟಿಗೆ ಬರುವುದು ನಮಗೆ ಹೊಸದೇನಲ್ಲ. ಯಕ್ಷಗಾನದಲ್ಲಿ ಬಣ್ಣದ ವೇಷ ಬರುವುದನ್ನು ನೆನೆಸಿಕೊಳ್ಳಿ. ಇನ್ನೂ ತೆರೆಯ ಹಿಂದೆ ಇರುವಾಗಲೇ ಆ ಕೂಗು, ಚಂಡೆಯ ಅಬ್ಬರ. ನಿದ್ದೆಯಲ್ಲಿದ್ದ ಮಕ್ಕಳು ಎದ್ದು ಅಳುತ್ತವೆ. ಅದೇ ರಕ್ಕಸ ಸ್ವಲ್ಪ ಹೊತ್ತಿಗೆ ಹಲ್ಲುಜ್ಜುತ್ತಾನೆ, ಮೈ ತುರಿಸಿಕೊಳ್ಳುತ್ತಾನೆ, ಭಾಗವತರ ಹತ್ತಿರ ತಕರಾರು ತೆಗೆಯುತ್ತಾನೆ. ಅತ್ತ ಮಕ್ಕಳೇ ನಗುತ್ತವೆ. ಹೆದರಿಕೆ ಹೋಗಿರುವುದಿಲ್ಲ, ನಗುವಿನ ಒಳಗೆ ಕೂತಿರುತ್ತದೆ. ರೈಮಿಯ ದೆವ್ವಗಳೂ ಹೀಗೆಯೇ. ಕೊಲ್ಲುವುದಕ್ಕಿಂತ ಗೇಲಿ ಮಾಡುವುದರಲ್ಲಿ ಅವಕ್ಕೆ ಆಸಕ್ತಿ ಜಾಸ್ತಿ.

ಅದಕ್ಕೇ ನಿಮ್ಮ 'ಕ್ಯಾಮೆರಾ' ವಾದ ನನಗೆ ಅರ್ಧ ಮಾತ್ರ ಒಪ್ಪಿಗೆ. ಓಡುವ ಕ್ಯಾಮೆರಾ ಒಂದು ಚಾಳಿ, ಚಾಳಿಯನ್ನು ಯಾರು ಬೇಕಾದರೂ ನಕಲು ಮಾಡಬಹುದು, ಮಾಡಿಯೂ ಇದ್ದಾರೆ. ಅವರ ಎಲ್ಲ ಚಿತ್ರಗಳಲ್ಲೂ ನಾನು ಕಾಣುವುದು ಬೇರೆ: ಸಾಧಾರಣ ಮನುಷ್ಯ ಒಂದು ಸಣ್ಣ ತಪ್ಪು ಮಾಡುತ್ತಾನೆ, ಅದಕ್ಕೆ ಹತ್ತು ಪಟ್ಟು ಶಿಕ್ಷೆ ಬರುತ್ತದೆ.

ಕೌಂಟರ್ ನಂಬರ್ ಮೂರು

ಅಕ್ಕ ಹೇಳಿದ್ದಕ್ಕೆ ನಾನು ಸಹಿ ಹಾಕ್ತೀನಿ. ಸಾಲದ ಸೆಕ್ಷನ್‌ನಲ್ಲಿ ಕೂತು ಕೆಲಸ ಮಾಡಿದವನು ನಾನು, 'ಡ್ರ್ಯಾಗ್ ಮಿ ಟು ಹೆಲ್' ನೋಡಿದ ರಾತ್ರಿ ನಿದ್ದೆ ಬರಲಿಲ್ಲ. ದೆವ್ವಕ್ಕಲ್ಲ.

ಕ್ರಿಸ್ಟೀನ್ ಅಂತ ಹುಡುಗಿ, ಬ್ಯಾಂಕಿನಲ್ಲಿ ಸಾಲದ ಅಧಿಕಾರಿ. ಅಸಿಸ್ಟೆಂಟ್ ಮ್ಯಾನೇಜರ್ ಕುರ್ಚಿ ಖಾಲಿ ಇದೆ, ಪಕ್ಕದವನು ಮ್ಯಾನೇಜರ್‌ಗೆ ಬೆಣ್ಣೆ ಹಚ್ತಾ ಇದಾನೆ. ಒಬ್ಬಳು ಮುದುಕಿ ಬರ್ತಾಳೆ. ಮನೆ ಸಾಲದ ಕಂತು ಬಾಕಿ, ಈಗಾಗಲೇ ಎರಡು ಸಲ ಗಡುವು ಕೊಟ್ಟಾಗಿದೆ, ಇನ್ನೊಂದು ಸಲ ಕೊಡಿ ಅಂತಾಳೆ. ಕ್ರಿಸ್ಟೀನ್ ಒಳಗೆ ಹೋಗಿ ಮ್ಯಾನೇಜರ್‌ನ ಕೇಳ್ತಾಳೆ. ಅವನು ಆಗಲ್ಲ ಅಂತಾನೂ ಹೇಳಲ್ಲ, ಆಗ್ತದೆ ಅಂತಾನೂ ಹೇಳಲ್ಲ. ತೀರ್ಮಾನ ನಿನ್ನದೇ ಅಂತಾನೆ. ಈ ಮಾತಿನ ಅರ್ಥ ಬ್ಯಾಂಕಿನಲ್ಲಿ ಕೂತವರಿಗೆ ಚೆನ್ನಾಗಿ ಗೊತ್ತು. ಅವಳು ಹೊರಗೆ ಬಂದು ಇಲ್ಲ ಅಂತಾಳೆ. ಮುದುಕಿ ಮಂಡಿಯೂರಿ ಬೇಡ್ಕೊಳ್ತಾಳೆ. ಇವಳು ಸೆಕ್ಯುರಿಟಿ ಕರೀತಾಳೆ.

ಆಮೇಲೆ ಪಾರ್ಕಿಂಗ್‌ನಲ್ಲಿ ಕಾರಿನ ಒಳಗೆ ನಡೆಯೋ ಜಗಳ! ಸ್ಟೇಪ್ಲರ್, ಸ್ಕೇಲು, ಎಲ್ಲ ಆಫೀಸ್ ಟೇಬಲ್ ಮೇಲಿನ ಸಾಮಾನೇ ಆಯುಧ. ಮುದುಕಿಯ ಹಲ್ಲು ಸೆಟ್ಟು ಬಿದ್ದುಹೋಗಿ ಬೊಚ್ಚು ಬಾಯಲ್ಲೇ ಗಲ್ಲ ಕಚ್ತಾಳೆ. ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕೆ. ಕೊನೆಗೆ ಅವಳ ಕೋಟಿನ ಒಂದು ಗುಂಡಿ ಕಿತ್ತು, ಮಂತ್ರ ಹಾಕಿ ವಾಪಸ್ ಕೊಡ್ತಾಳೆ. ಗುಂಡಿ ಯಾರ ಹತ್ತಿರ ಇದೆಯೋ ಅವರಿಗೆ ಮೂರು ದಿನ ಗಡುವು.

ನನಗೆ ನಿದ್ದೆ ಕೆಡಿಸಿದ್ದು ಇನ್ನೊಂದು ಸೀನು. ಗುಂಡಿನ ಬೇರೆಯವರಿಗೆ ಕೊಟ್ಟರೆ ಶಾಪ ಅವರಿಗೆ ಹೋಗ್ತದೆ ಅಂತ ತಿಳಿದ ಮೇಲೆ ಕ್ರಿಸ್ಟೀನ್ ರಾತ್ರಿ ಒಂದು ಹೋಟೆಲಿನಲ್ಲಿ ಕೂತು ಸುತ್ತಲಿನ ಮೇಜುಗಳನ್ನ ನೋಡ್ತಾಳೆ. ಯಾರಿಗೆ ಕೊಡಲಿ? ಆ ವಯಸ್ಸಾದವರಿಗಾ? ಇಲ್ಲಿ ದೆವ್ವ ಇಲ್ಲ, ಸದ್ದು ಇಲ್ಲ. ಅವಳು ಮತ್ತೆ ಸಾಲದ ಅಧಿಕಾರಿ, ಮತ್ತೆ ಯಾರಿಗೆ ಇಲ್ಲ ಅನ್ನಲಿ ಅಂತ ಲೆಕ್ಕ ಹಾಕ್ತಾ ಇದಾಳೆ. ಅಮೆರಿಕದಲ್ಲಿ ಮನೆ ಸಾಲ ಮುಳುಗಿ ಬ್ಯಾಂಕುಗಳು ಬಿದ್ದ ಮರುವರ್ಷ ಬಂದ ಸಿನಿಮಾ ಇದು, ಕಥೆ ಬರೆದಿಟ್ಟದ್ದು ಎಷ್ಟೋ ವರ್ಷ ಮೊದಲಂತೆ. ಸ್ಕ್ರಿಪ್ಟ್ ಸ್ಯಾಮ್ ಮತ್ತು ಐವನ್ ಸೇರಿ ಬರೆದದ್ದು. ಐವನ್ ವೃತ್ತಿಯಿಂದ ಡಾಕ್ಟರು, ಅದು ನನಗೆ ಇನ್ನೂ ಆಶ್ಚರ್ಯ.

ಗೋಪಿ ಸರ್ಕಲ್ ಹುಡುಗ

ಅಕ್ಕ, ನಿಮ್ಮ ಲೆಕ್ಕಕ್ಕೆ ಸ್ಪೈಡರ್‌ಮ್ಯಾನೂ ಸರಿ ಹೋಗ್ತದೆ! ಕುಸ್ತಿ ಆಡಿಸಿದವನು ದುಡ್ಡಲ್ಲಿ ಮೋಸ ಮಾಡಿದ ಅಂತ ಪೀಟರ್ ಸಿಟ್ಟಲ್ಲಿ ಕಳ್ಳನಿಗೆ ದಾರಿ ಬಿಟ್ಟ. ಅದೇ ಕಳ್ಳ ಹೋಗಿ ಬೆನ್ ಅಂಕಲ್‌ನ ಕೊಂದ. ತಪ್ಪು ಅಂದ್ರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದದ್ದು.

ಇನ್ನೊಂದು. ಬೆನ್ ಅಂಕಲ್ ಓಡಿಸೋ ಕಾರು, ಕೌಂಟರ್ ಸರ್ ಹೇಳಿದ ಮುದುಕಿಯ ಕಾರು, ಮೊದಲ ಈವಿಲ್ ಡೆಡ್‌ನಲ್ಲಿ ಹುಡುಗ್ರು ಕಾಡಿಗೆ ಹೋಗೋ ಕಾರು, ಎಲ್ಲ ಒಂದೇ. 1973ರ ಓಲ್ಡ್ಸ್‌ಮೊಬೈಲ್ ಡೆಲ್ಟಾ 88. ರೈಮಿಯ ಸ್ವಂತ ಕಾರು. ಹುಡುಕ್ತಾ ಕೂರಬಹುದು, ಕೂಟದಲ್ಲಿ ಮೊದಲು ಕಂಡು ಹಿಡಿದವರಿಗೆ ಒಂದು ಕಾಫಿ.

ಕೊಪ್ಪ ಎಕ್ಸ್‌ಪ್ರೆಸ್

ಎಲ್ಲರೂ ಸೇರಿ ಆರತಿ ಎತ್ತುತ್ತಾ ಇದ್ದೀರಿ, ಯಾರಾದರೂ ಒಬ್ಬರು ಎದುರು ಮಾತಾಡಬೇಕಲ್ಲ.

ಈ 'ಎಲ್ಲ ಪ್ರಕಾರದಲ್ಲೂ ಕೈ ಆಡಿಸಿದ' ಅನ್ನುವ ಹೊಗಳಿಕೆಯ ಹಿಂದೆ ಕಂಪನಿಗಳು ಹೇಳಿದ್ದನ್ನು ಮಾಡಿದ ಮನುಷ್ಯನೂ ಇದ್ದಾನೆ. 1985ರ 'ಕ್ರೈಮ್‌ವೇವ್' ಕೋಯೆನ್ ಸಹೋದರರ ಜೊತೆ ಬರೆದ ಕಾಮಿಡಿ. ಎಡಿಟಿಂಗ್ ಕೈ ತಪ್ಪಿತು, ಸಿನಿಮಾ ಮಕಾಡೆ ಮಲಗಿತು. ಮೂರನೇ ಈವಿಲ್ ಡೆಡ್ ಆದ 'ಆರ್ಮಿ ಆಫ್ ಡಾರ್ಕ್‌ನೆಸ್'ಗೆ ಅವನು ಇಟ್ಟಿದ್ದ ಅಂತ್ಯದಲ್ಲಿ ನಾಯಕ ಮದ್ದು ಜಾಸ್ತಿ ಕುಡಿದು, ಎಲ್ಲ ನಾಶವಾದ ಕಾಲದಲ್ಲಿ ಎಚ್ಚರಗೊಳ್ಳುತ್ತಾನೆ. ಸ್ಟುಡಿಯೋ ಬೇಡ ಅಂತು, ಅಂಗಡಿಯೊಳಗೆ ಬಂದೂಕು ಹಿಡಿದು ಹೀರೋ ಆಗುವ ಅಂತ್ಯ ಬಂತು. ಸ್ಪೈಡರ್‌ಮ್ಯಾನ್ 3ರಲ್ಲಿ ವೆನಮ್ ಪಾತ್ರ ನಿರ್ಮಾಪಕರ ಒತ್ತಾಯಕ್ಕೆ ತುರುಕಿದ್ದು, ಸಿನಿಮಾ ಸರಿ ಬರಲಿಲ್ಲ ಅಂತ ಆಮೇಲೆ ಅವನೇ ಹೇಳಿದ. ನಾಲ್ಕನೆಯದು 2010ರಲ್ಲಿ ನಿಂತೇ ಹೋಯಿತು. ಡಾಕ್ಟರ್ ಸ್ಟ್ರೇಂಜ್ 2 ಕೂಡ ಮೊದಲಿದ್ದ ನಿರ್ದೇಶಕ ಸ್ಕಾಟ್ ಡೆರಿಕ್ಸನ್ ಬಿಟ್ಟು ಹೋದ ಮೇಲೆ ಇವನ ಕೈಗೆ ಬಂದದ್ದು.

ಹಾರರ್‌ನಿಂದ ಹೊರಟವರಲ್ಲಿ ನನಗೆ ಪೀಟರ್ ಜಾಕ್ಸನ್ ದೊಡ್ಡವನು. 1992ರಲ್ಲಿ ಹುಲ್ಲು ಕತ್ತರಿಸುವ ಮಷೀನಿನಲ್ಲಿ ಹೆಣಗಳನ್ನು ಕೊಚ್ಚುವ ಸಿನಿಮಾ ಮಾಡಿದ, ಹತ್ತು ವರ್ಷದೊಳಗೆ 'ಲಾರ್ಡ್ ಆಫ್ ದ ರಿಂಗ್ಸ್'. ಅದು ಏಣಿ ಹತ್ತಿದ್ದು. ರೈಮಿ ಅಲ್ಲಿಂದಿಲ್ಲಿಗೆ ಹಾರುತ್ತಾ ಇದ್ದಾನೆ ಅಷ್ಟೆ.

ಕೌಬಾಯ್ ಸಿನಿಮಾ ಹೇಗಿದೆ? ಅದರ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ.

ಹೆಗ್ಗೋಡು ದಾರಿ

ಕೊಪ್ಪದವರೇ, ಆ ಕೌಬಾಯ್ ಸಿನಿಮಾಕ್ಕೆ ರೈಮಿಯನ್ನು ಆರಿಸಿದ್ದೇ ನಾಯಕಿ ಶರಾನ್ ಸ್ಟೋನ್, ಆಕೆ ನಿರ್ಮಾಪಕಿಯೂ ಹೌದು. ಇನ್ನೂ ಹುಡುಗನಾಗಿದ್ದ ಲಿಯೊನಾರ್ಡೊ ಡಿಕ್ಯಾಪ್ರಿಯೊ ಬೇಕೇ ಬೇಕು ಅಂತ ತನ್ನ ಸಂಬಳದಿಂದ ಅವನಿಗೆ ಕೊಟ್ಟಾಕೆ. ಸಿನಿಮಾ ಪೂರ್ತಿ ಒಂದೇ ಬೀದಿ, ಒಬ್ಬರ ಎದುರು ಒಬ್ಬರು, ಗಡಿಯಾರ, ಗುಂಡು. ಕಥೆ ತೆಳು. ಆದರೆ ಕೊನೆಯಲ್ಲಿ ಜೀನ್ ಹ್ಯಾಕ್‌ಮನ್‌ಗೆ ಗುಂಡು ಬಿದ್ದಾಗ, ಅದು ಅವನಿಗೆ ಗೊತ್ತಾಗುವುದು ನೆಲದ ಮೇಲೆ ಬಿದ್ದ ತನ್ನ ನೆರಳಿನಲ್ಲಿ. ನೆರಳಿನ ಎದೆಯ ಮಧ್ಯೆ ಬಿಸಿಲಿನ ಒಂದು ಚುಕ್ಕೆ. ಇಷ್ಟು ಹೊಳೆಯಬೇಕಾದರೆ ತಲೆಯಲ್ಲಿ ಬೇರೆಯದೇ ಏನೋ ಇರಬೇಕು.

ಇನ್ನು ಏಣಿ ಹತ್ತುವ ಮಾತು. ದೊಡ್ಡ ಬಜೆಟ್ಟು ಮೇಲಿನ ಮೆಟ್ಟಿಲು ಅಂತ ಯಾರು ಹೇಳಿದರು?

ಮಂಡಗದ್ದೆ ಹಕ್ಕಿ

ಕೊಪ್ಪದವರ ಪ್ರಶ್ನೆ ಬಿಡೋ ಹಾಗಿಲ್ಲ. ಕಂಪನಿ ಕೆಲಸಾನೂ ಮಾಡಿದಾನೆ, ನಿಜ. 2013ರ 'ಆಜ್'ನಲ್ಲಿ ಶುರುವಿನ ಕಪ್ಪು ಬಿಳುಪಿನ, ಚೌಕ ಪರದೆಯ ಭಾಗ ಚೆಂದ, ಬಣ್ಣ ಬಂದು ಪರದೆ ಅಗಲ ಆದ ಮೇಲೆ ನನಗೆ ಆಕಳಿಕೆ. ಅದನ್ನ ಪಟ್ಟಿಗೆ ಹಾಕಲ್ಲ.

ಆದ್ರೆ ಕ್ಯಾಮೆರಾನೋ ಶಿಕ್ಷೆನೋ ಅನ್ನೋ ಜಗಳ ಬಗೆಹರಿಸೋಕೆ ಒಂದು ಸಿನಿಮಾ ಇದೆ. 'ಎ ಸಿಂಪಲ್ ಪ್ಲಾನ್'. ಇದರ ಬಗ್ಗೆ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ನಮ್ಮ ಕಡೆ ಇದನ್ನ ನೋಡಿದವರೇ ಕಡಿಮೆ.

ಮಿನೆಸೋಟಾದ ಒಂದು ಊರು, ಎಲ್ಲಿ ನೋಡಿದ್ರೂ ಹಿಮ. ಹ್ಯಾಂಕ್ ಓದಿದವನು, ಕೆಲಸ ಇದೆ, ಹೆಂಡತಿ ಬಸುರಿ. ಅಣ್ಣ ಜೇಕಬ್ ಸ್ವಲ್ಪ ಮಂದ, ಕೆಲಸ ಇಲ್ಲ, ಕನ್ನಡಕಕ್ಕೆ ಟೇಪು. ಅಣ್ಣನ ಗೆಳೆಯ ಲೂ ಕುಡುಕ. ಮೂವರೂ ನಾಯಿ ಹಿಂದೆ ಕಾಡಿಗೆ ಹೋದಾಗ ಹಿಮದಲ್ಲಿ ಹೂತ ಒಂದು ಸಣ್ಣ ವಿಮಾನ ಸಿಗ್ತದೆ. ಒಳಗೆ ಪೈಲಟ್ ಹೆಣ, ಒಂದು ಚೀಲದಲ್ಲಿ 44 ಲಕ್ಷ ಡಾಲರ್. ಹಿಮ ಕರಗೋವರೆಗೆ ಹ್ಯಾಂಕ್ ಇಟ್ಕೊಳ್ಳೋದು, ಅಷ್ಟರಲ್ಲಿ ಯಾರೂ ಹುಡುಕಿ ಬರದಿದ್ರೆ ಹಂಚಿಕೊಳ್ಳೋದು. ಪ್ಲಾನ್ ಅಂದ್ರೆ ಇಷ್ಟೇ.

ಮನೆಗೆ ಬಂದು ಹ್ಯಾಂಕ್ ಹೆಂಡತಿನ ಕೇಳ್ತಾನೆ, ಹೀಗೆ ದುಡ್ಡು ಸಿಕ್ಕಿದ್ರೆ ನೀನು ಏನು ಮಾಡ್ತೀಯ? ಛೆ, ಅದು ಕಳ್ಳತನ, ನಾನು ಮುಟ್ಟಲ್ಲ ಅಂತಾಳೆ. ಅವನು ಚೀಲ ಮೇಜಿನ ಮೇಲೆ ಸುರೀತಾನೆ. ಅವಳ ಮುಖ ನೋಡಿ ಆಗ. ಅಲ್ಲಿಂದ ಮುಂದೆ ಎಲ್ಲ ಉಪಾಯ ಅವಳದೇ, ಒಂದಕ್ಕಿಂತ ಒಂದು ಚುರುಕು, ಒಂದಕ್ಕಿಂತ ಒಂದು ಅನಾಹುತ.

ಈ ಸಿನಿಮಾದಲ್ಲಿ ರೈಮಿಯ ಕ್ಯಾಮೆರಾ ಓಡಲ್ಲ. ಸುಮ್ಮನೆ ನಿಂತು ನೋಡ್ತದೆ. ಹಿಮದಲ್ಲಿ ಶೂಟ್ ಮಾಡೋದು ಹೇಗೆ ಅಂತ ಕೋಯೆನ್‌ಗಳನ್ನ ಕೇಳಿ ತಿಳ್ಕೊಂಡಿದ್ದನಂತೆ, ಅವರು ಆಗಷ್ಟೇ ಹಿಮದಲ್ಲೇ ಒಂದು ಸಿನಿಮಾ ಮುಗಿಸಿದ್ರು. ಹಾರರ್ ಥರದ ಬೆಚ್ಚಿಬೀಳೋ ಕ್ಷಣ ಅಂದ್ರೆ ವಿಮಾನದೊಳಗಿನ ಕಾಗೆ ಹ್ಯಾಂಕ್‌ನ ಹಣೆಗೆ ಕುಕ್ಕೋದು. ಉಳಿದದ್ದೆಲ್ಲ ಬರೀ ಮುಖಗಳು, ಮಾತುಗಳು.

ಜೇಕಬ್ ಒಂದು ಕಡೆ ಹೇಳ್ತಾನೆ. ಹೈಸ್ಕೂಲಲ್ಲಿ ಒಬ್ಬಳು ಹುಡುಗಿ ಅವನ ಜೊತೆ ಒಂದು ತಿಂಗಳು ಓಡಾಡಿದ್ಳು. ಅವಳ ಗೆಳೆಯರು 100 ಡಾಲರ್ ಬಾಜಿ ಕಟ್ಟಿದ್ರು, ಅದಕ್ಕೆ. ಅವನಿಗೆ ಅದು ಗೊತ್ತು. ಗೊತ್ತಿದ್ದೂ ಬೇಜಾರಿಲ್ಲದ ಹಾಗೆ, ಆ ಒಂದು ತಿಂಗಳನ್ನ ಆಸ್ತಿ ಥರ ಹೇಳ್ಕೊಳ್ತಾನೆ. ಬಿಲ್ಲಿ ಬಾಬ್ ಥಾರ್ನ್‌ಟನ್ ಈ ಪಾತ್ರಕ್ಕೆ ಆಸ್ಕರ್ ನಾಮಿನೇಷನ್ ಪಡೆದ. ಚಿತ್ರಕಥೆಗೂ ನಾಮಿನೇಷನ್ ಬಂತು. ದುಡ್ಡು ಮಾತ್ರ ಬರಲಿಲ್ಲ.

ಹಾಗಾಗಿ ಅಕ್ಕನ ವಾದವೇ ಹೆಚ್ಚು ಗಟ್ಟಿ. ಕ್ಯಾಮೆರಾ ಚಮತ್ಕಾರ ಪೂರ್ತಿ ತೆಗೆದ ಮೇಲೂ ಇದು ರೈಮಿ ಸಿನಿಮಾನೇ, ದೆವ್ವ ಇಲ್ಲದ ಈವಿಲ್ ಡೆಡ್. ಅಲ್ಲಿ ಕೇಳಬಾರದ ಟೇಪ್ ಹಾಕಿ ಕೇಳಿದ್ರು, ಇಲ್ಲಿ ಮುಟ್ಟಬಾರದ ಚೀಲ ತಂದ್ರು. ಬೇರೆ ವ್ಯತ್ಯಾಸ ಅಂದ್ರೆ, ಅಲ್ಲಿ ದೆವ್ವ ಹೊರಗಿಂದ ಬರಬೇಕಿತ್ತು.

ಸೌಂಡ್ ಬಾಕ್ಸ್

ಚೀಲ ತಂದಿಟ್ಟ ಮೇಲೆ ನಮ್ಮ ಕಡೆ ಆಗಿದ್ರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿರೋದು. ಪ್ಲಾನ್ ಇನ್ನೂ ಸಿಂಪಲ್.

ಕೊಪ್ಪ ಎಕ್ಸ್‌ಪ್ರೆಸ್

ಈ ಸಿನಿಮಾ ನಾನು ನೋಡಿಲ್ಲ. ನೋಡಿ ಬಂದು ಜಗಳ ಮುಂದುವರಿಸುತ್ತೇನೆ. ಆದರೆ ಒಂದು ಪ್ರಶ್ನೆ: ಬೇಸ್‌ಬಾಲ್ ಆಟಗಾರ ಏನು ತಪ್ಪು ಮಾಡಿದ? ಆ ಸೂತ್ರಕ್ಕೆ ಅವನು ಸಿಗುವುದಿಲ್ಲ.

ಹೆಗ್ಗೋಡು ದಾರಿ

ಸಿಗುವುದಿಲ್ಲ, ಅದಕ್ಕೇ ಆ ಸಿನಿಮಾ ಸಪ್ಪೆ. ಅದನ್ನು ಒಪ್ಪಿಕೊಂಡದ್ದು ಡೆಟ್ರಾಯ್ಟ್ ತಂಡದ ಮೇಲಿನ ಪ್ರೀತಿಗೆ ಇರಬೇಕು, ಹುಟ್ಟೂರಿನ ತಂಡವಲ್ಲವೇ.

ಅಡಿಕೆ ಸುಲಿಯೋನು

ನಮ್ಮಲ್ಲೂ ಇಂಥೋರು ಇಲ್ಲ ಅಂತಲ್ಲ. ಉಪೇಂದ್ರ 1993ರಲ್ಲಿ 'ಶ್!' ತೆಗದು ಹೆದರ್ಸಿದ್ರು, ಎರಡೇ ವರ್ಷಕ್ಕೆ 'ಓಂ', ಆಮೇಲೆ 1998ರಲ್ಲಿ 'ಎ'. ಯಾರೂ ಅವ್ರನ್ನ ದೆವ್ವದ ಡೈರೆಕ್ಟ್ರು ಅನ್ಲಿಲ್ಲ. ಮೊದ್ಲು ಹೆದ್ರಿಸಕ್ಕೆ ಕಲ್ತೋನು ಜನ್ರನ್ನ ಕುರ್ಚಿಲಿ ಕೂರ್ಸಕ್ಕೂ ಕಲ್ತಿರ್ತಾನೆ, ಅಷ್ಟೇ ವಿಷ್ಯ.

ದಬ್ಬೆ ಪ್ರಯೋಗ ಮಾಡಿದ್ವಿ. ಹುಡುಗ್ರು ಕಟ್ಟಿದ್ದು ಹಸಿ ದಬ್ಬೆ, ತೂಕಕ್ಕೆ ಮಧ್ಯ ಬಾಗ್ತದೆ, ಮೊಬೈಲ್ ತೊಟ್ಲು ಆಡ್ತದೆ. ಒಣಗಿದ್ದು ಹಾಕಿದ್ ಮೇಲೆ ಬಂತು ನೋಡಿ. ಅಡಿಕೆ ಮರದ ಸಾಲಲ್ಲಿ ಮರ ಎಲ್ಲ ನೆಟ್ಟಗೆ, ಒಂದೇ ಅಂತರ, ಹಂಗಾಗಿ ಓಡುವಾಗ ಎಡಕ್ಕೆ ಬಲಕ್ಕೆ ಟಪ ಟಪ ಅಂತ ಹಿಂದೆ ಹೋಗ್ತವೆ. ಕಾಡಿಗಿಂತ ಚೆನ್ನಾಗೇ ಕಾಣ್ತದೆ. ಕಪ್ಪಿನ ಕಾಲುವೇಲಿ ಒಬ್ಬ ಬಿದ್ದ, ಮೊಬೈಲಿಗೆ ಏನೂ ಆಗ್ಲಿಲ್ಲ.

ಗೋಪಿ ಸರ್ಕಲ್ ಹುಡುಗ

ಅಣ್ಣ ಆ ಬಿದ್ದ ಶಾಟ್ ಡಿಲೀಟ್ ಮಾಡ್ಬೇಡಿ!! ಅದೇ ಬೆಸ್ಟ್ ಇರ್ತದೆ.

ಡಾಕ್ಟರ್ ಸ್ಟ್ರೇಂಜ್ 2 ಬಗ್ಗೆ ಯಾರೂ ಹೇಳಲಿಲ್ಲ. ನಾನು ಶಿವಮೊಗ್ಗದ ಮಲ್ಟಿಪ್ಲೆಕ್ಸ್‌ನಲ್ಲೇ ನೋಡಿದ್ದು. ಹೀರೋ ತನ್ನದೇ ಕೊಳೆತ ಹೆಣದೊಳಗೆ ಹೊಕ್ಕು ಎದ್ದು ಬರ್ತಾನೆ, ಪ್ರೇತಾತ್ಮಗಳನ್ನ ಹೆಗಲಿಗೆ ಹೊದ್ಕೊಂಡು ಹಾರ್ತಾನೆ. ಮಾರ್ವೆಲ್ ನೋಡೋಕೆ ಬಂದವರು ಮುಖ ಮುಖ ನೋಡ್ಕೊಂಡ್ರು. ನಾನು ಒಬ್ಬನೇ ಶಿಳ್ಳೆ ಹೊಡೆದೆ.

ಮಂಡಗದ್ದೆ ಹಕ್ಕಿ

ಸರಿ, ಪಟ್ಟಿ ಇದು. ಮೊದಲು 'ಈವಿಲ್ ಡೆಡ್ 2', ಅಕ್ಕ ಹೇಳಿದ ಕಾರಣಕ್ಕೆ. ಆಮೇಲೆ 'ಡಾರ್ಕ್‌ಮ್ಯಾನ್'. ಬೇರೆಯವರ ಸೂಪರ್‌ಹೀರೋ ಹಕ್ಕು ಸಿಗದೇ ತಾನೇ ಒಬ್ಬನನ್ನ ಸೃಷ್ಟಿ ಮಾಡಿದ್ದು, ಸುಟ್ಟ ಮುಖದ ಲಿಯಾಮ್ ನೀಸನ್, ಅದನ್ನ ನೋಡಿದ್ರೆ ಸ್ಪೈಡರ್‌ಮ್ಯಾನ್‌ಗೆ ಇವನನ್ನ ಯಾಕೆ ಕರೆದ್ರು ಅಂತ ತಿಳೀತದೆ. ಮೂರನೇದು 'ಸ್ಪೈಡರ್‌ಮ್ಯಾನ್ 2'. ನಾಲ್ಕನೇದು 'ಡ್ರ್ಯಾಗ್ ಮಿ ಟು ಹೆಲ್', ಅದರ ಮುಂಚೆ ಕೌಂಟರ್ ಸರ್ ಐದು ನಿಮಿಷ ಮಾತಾಡಬೇಕು. ಕೊನೆಗೆ 'ಎ ಸಿಂಪಲ್ ಪ್ಲಾನ್'. ವರ್ಷದ ಕ್ರಮ ತಪ್ಪಿದ್ರೂ ಪರವಾಗಿಲ್ಲ.

ಸೌಂಡ್ ಬಾಕ್ಸ್ ಅವರೇ, ನಿಮ್ಮ ಚಿಕ್ಕ ಸ್ಪೀಕರ್ ಜೋಡಿ ಬೇಕು, ದೊಡ್ಡದು ಬೇಡ, ಹೆಂಚು ಅದುರ್ತದೆ. ಬೇಸ್‌ಬಾಲ್ ಸಿನಿಮಾದ ಆ ಸ್ಟೇಡಿಯಂ ಸೀನ್ ಮಾತ್ರ ಮಧ್ಯೆ ಎಲ್ಲಾದ್ರೂ ಹಾಕೋಣ, ಮಳೆ ಜೋರಿಲ್ಲದ ದಿನ. ಹಿಂದಿನ ದಿನ ಫೋನ್ ಮಾಡ್ತೀನಿ.

ಸೌಂಡ್ ಬಾಕ್ಸ್

ಸ್ಪೀಕರ್ ನಾನೇ ತರ್ತೀನಿ. ಬಾಡಿಗೆ ಬೇಡ, ಊಟಕ್ಕೆ ಕಳಲೆ ಪಲ್ಯ ಇದ್ರೆ ಸಾಕು. ಆಸ್ಪತ್ರೆ ಸೀನ್ ಬರುವಾಗ ವಾಲ್ಯೂಮ್ ಮುಟ್ಟೋದು ನಾನೊಬ್ಬನೇ, ಇದಕ್ಕೆ ಒಪ್ಪಿದ್ರೆ ಮಾತ್ರ.

ಕೌಂಟರ್ ನಂಬರ್ ಮೂರು

ನಾನು ಮಾತಾಡ್ತೀನಿ. ನಮ್ಮ ಮ್ಯಾನೇಜರ್‌ನ ಕರೀಬೇಡಿ.